ತಾಲೂಕಿನ ಸರಾಸರಿಯಲ್ಲಿ ಮರೆಯಾದ ಮೊಹಲ್ಲಾ

1989ರಿಂದ 1991ರ ನಡುವೆ ಪೂರ್ವ ಯುರೋಪ್ ಮತ್ತು ಸೋವಿಯತ್ ಒಕ್ಕೂಟದ ಸಮಾಜವಾದಿ ಆಡಳಿತಗಳು ಕುಸಿದವು. ಅನಂತರದ ಬದಲಾವಣೆಯನ್ನು ಅರಿಯಹೊರಟ ವಿದ್ವಾಂಸರಲ್ಲಿ ಹಲವರು ರಾಜಧಾನಿಯ ಅಂಕಿ-ಅಂಶಗಳಿಂದ ತೃಪ್ತರಾಗಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ಕ್ಯಾಥರಿನ್ ವರ್ಡೆರಿ ರುಮೇನಿಯದ ಟ್ರಾನ್ಸಿಲ್ವೇನಿಯ ಪ್ರದೇಶದ ಒಂದು ಹಳ್ಳಿಯಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದರು. ಸಾಮೂಹಿಕ ಕೃಷಿಕ್ಷೇತ್ರ ಒಡೆದು ಭೂಮಿ ರೈತರ ಹೆಸರಿಗೆ ಮರಳಿತ್ತು. ಆದರೆ ಅನೇಕರಿಗೆ ಉಳುವ ಸಾಧನವೂ ಇರಲಿಲ್ಲ, ಬಂಡವಾಳವೂ ಇರಲಿಲ್ಲ. ಸರಕಾರಿ ಕಡತದಲ್ಲಿ ಕಾಣದ ಈ ಸತ್ಯ ಮನೆಬಾಗಿಲಲ್ಲಿ ಕಂಡಿತು.

ನಮ್ಮ ರಾಜ್ಯದಲ್ಲೂ ಇಂತಹ ಅಳತೆಗಳು ನಡೆದಿವೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 35 ಸೂಚಕಗಳಿಂದ ಅಂದಿನ 175 ತಾಲೂಕುಗಳನ್ನು ಅಳೆದು 114 ತಾಲೂಕುಗಳು ಹಿಂದುಳಿದಿವೆ ಎಂದಿತು. ಹಾನಗಲ್, ಶಿಗ್ಗಾಂವ್, ಸವಣೂರು, ಹಿರೇಕೆರೂರುಗಳಿಗೂ ಒಂದೊಂದು ಅಂಕ ದೊರೆಯಿತು. ಆದರೆ ಸವಣೂರಿನ ಎಲೆತೋಟದ ಮಾಲೀಕನೂ ಅಲ್ಲಿ ಎಲೆ ಕೊಯ್ಯುವ ಕೂಲಿಯವನೂ ಆ ಒಂದೇ ಅಂಕದಲ್ಲಿ ಅಡಗಿದ್ದಾರೆ. 2006ರ ಸಾಚಾರ್ ವರದಿ ಸಮುದಾಯದ ಸ್ಥಿತಿಯನ್ನು ದೇಶಕ್ಕೆ ತೋರಿಸಿತು. ನಮ್ಮ ಓಣಿಯ ಲೆಕ್ಕ ಅದರಲ್ಲೂ ಇಲ್ಲ.

ಇದರ ಬೆಲೆಯನ್ನು ನಾವು ತೆತ್ತಿದ್ದೇವೆ. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಿತು. ಆಗಿನ ಮುಖ್ಯಮಂತ್ರಿ ಶಿಗ್ಗಾಂವ್ ಕ್ಷೇತ್ರದ ಶಾಸಕರೇ ಆಗಿದ್ದರು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಆ ತೀರ್ಮಾನ ಜಾರಿಗೆ ಬರದೆ ನಿಂತಿತು. ಅಂದು ನಮ್ಮಲ್ಲಿ ಆಕ್ರೋಶವಿತ್ತು, ಮೊಹಲ್ಲಾಗಳ ಲೆಕ್ಕಪುಸ್ತಕವಿರಲಿಲ್ಲ. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ನೇತೃತ್ವದಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಮತ್ತೊಂದು ಸಮಿತಿ ರಚನೆಯಾಯಿತು. ಸಮಿತಿಗಳು ಬರುತ್ತವೆ, ಹೋಗುತ್ತವೆ. ಅವುಗಳ ಮುಂದಿಡಲು ನಮ್ಮ ಕೈಯಲ್ಲಿ ಏನಿದೆ?

ದೋಷವೆಲ್ಲ ಸರಕಾರದ್ದೇ ಎಂದು ಕೈತೊಳೆದುಕೊಳ್ಳುವುದು ಸಲ್ಲದು. ಮಸೀದಿಯ ಚಂದಾವನ್ನು ಪೈಸೆ ತಪ್ಪದೆ ಬರೆದಿಡುವ ನಾವು, ಎಸ್ಸೆಸ್ಸೆಲ್ಸಿ ದಾಟಿ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳೆಷ್ಟು ಎಂದು ಬರೆದಿಟ್ಟಿದ್ದೇವೆಯೇ? ಅವರು ಉಳಿದದ್ದು ಬಸ್ಸಿಲ್ಲದೆಯೋ, ಶುಲ್ಕವಿಲ್ಲದೆಯೋ, ಅಥವಾ ನಮ್ಮದೇ ಹಠದಿಂದಲೋ? ಮದುವೆಯ ಆಡಂಬರಕ್ಕೆ ಬಡ್ಡಿಯ ಸಾಲ ಹೊತ್ತ ಕುಟುಂಬಗಳೆಷ್ಟು?

ಈ ನಾಲ್ಕು ತಾಲೂಕುಗಳ ಜಮಾಅತ್‌ಗಳು ಈ ಕೆಲಸಕ್ಕೆ ಮುಂದಾಗಲಿ. ವಿದ್ಯಾವಂತ ಯುವಕ-ಯುವತಿಯರು ಮನೆಮನೆಗೆ ಹೋಗಿ ಶಿಕ್ಷಣ, ಉದ್ಯೋಗ, ಸಾಲಗಳ ವಿವರವನ್ನು ಹೆಸರು ಬಯಲಾಗದಂತೆ ದಾಖಲಿಸಲಿ. ಝಕಾತ್ ಯಾರಿಗೆ ತಲುಪಬೇಕೆಂಬುದು ಅದರಿಂದ ತಿಳಿಯುತ್ತದೆ. ಸರಕಾರದ ಮುಂದೆ ನಮ್ಮ ಮಾತಿಗೆ ತೂಕವೂ ಬರುತ್ತದೆ.