ಮನೆಮುಂದಿನ ರಸ್ತೆ ಯಾರ ಸೊತ್ತು?

ಹೆದ್ದಾರಿಯಲ್ಲಿ ಸಂಭವಿಸುವ ಅಪಘಾತಗಳು ಮರುದಿನದ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತವೆ. ಆದರೆ ಬಡಾವಣೆಯ ಒಳರಸ್ತೆಯಲ್ಲಿ ಕಾರೊಂದು ರಭಸದಿಂದ ಬಂದಾಗ ಸೈಕಲ್ ತುಳಿಯುತ್ತಿದ್ದ ಬಾಲಕನು ಚರಂಡಿಯ ಅಂಚಿಗೆ ಸರಿದು ಪಾರಾದದ್ದಾಗಲಿ, ವೃದ್ಧರೊಬ್ಬರು ವಾಹನಗಳ ಭಯದಿಂದ ಸಂಜೆಯ ನಡಿಗೆಯನ್ನೇ ಕೈಬಿಟ್ಟದ್ದಾಗಲಿ ಎಲ್ಲಿಯೂ ಸುದ್ದಿಯಾಗುವುದಿಲ್ಲ. ಸುದ್ದಿಯಾಗದ ಈ ನಷ್ಟಗಳ ಕುರಿತು ಈ ವಾರ ನಾವು ವಿಚಾರ ಮಾಡಬೇಕಾಗಿದೆ. ಮನೆಯ ಮುಂದಿನ ರಸ್ತೆಯು ಸಾರ್ವಜನಿಕ ಸೊತ್ತು ಎಂದು ಎಲ್ಲರೂ ಒಪ್ಪುತ್ತೇವೆ. ಆದರೆ ಅದನ್ನು ಹಂಚಿಕೊಳ್ಳುವ ಕ್ರಮವು ನ್ಯಾಯವಾಗಿದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಒಟ್ಟು ಸಾವುಗಳಲ್ಲಿ ಶೇ. 70ಕ್ಕಿಂತ ಹೆಚ್ಚಿನವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ದಾಖಲಿಸಿದೆ. ನಡೆದು ಹೋಗುವವನು ಯಾರನ್ನೂ ಕೊಲ್ಲುವಂತಿಲ್ಲ. ಕೊಲ್ಲಲ್ಪಡುವವರ ಸಾಲಿನಲ್ಲಿ ಮಾತ್ರ ಅವನಿಗೆ ಸ್ಥಾನವಿದೆ. ಈ ಅಸಮಾನತೆಯೇ ನಮ್ಮ ವಿಚಾರದ ತಿರುಳು.

ವೇಗದ ಲೆಕ್ಕ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 8 ಮೀಟರ್ ಮುಂದೆ ಸಾಗುತ್ತದೆ. 60ರಲ್ಲಿ ಸುಮಾರು 17 ಮೀಟರ್. ಚೆಂಡಿನ ಹಿಂದೆ ಓಡಿಬಂದ ಮಗುವನ್ನು ಕಂಡು ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿಯೇ ಇಷ್ಟು ದೂರ ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸರಾಸರಿ ವೇಗವು ಶೇ. 1ರಷ್ಟು ಏರಿದರೆ ಮಾರಣಾಂತಿಕ ಅಪಘಾತದ ಸಂಭವ ಶೇ. 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಕ್ಕೂ ವೇಗದಿಂದ ಗಳಿಸುವುದೇನು? ಅರ್ಧ ಕಿಲೋಮೀಟರ್ ಉದ್ದದ ಒಳರಸ್ತೆಯನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ದಾಟಲು 36 ಸೆಕೆಂಡು ಬೇಕು. 30ರ ವೇಗದಲ್ಲಿ ಒಂದು ನಿಮಿಷ. ಉಳಿತಾಯ ಕೇವಲ 24 ಸೆಕೆಂಡು. ಇಷ್ಟು ಅಲ್ಪ ಲಾಭಕ್ಕಾಗಿ ಇನ್ನೊಬ್ಬರ ಮಗುವನ್ನು ಅಪಾಯಕ್ಕೆ ಒಡ್ಡುವ ಹಕ್ಕು ಯಾರಿಗಿದೆ?

‘ರಸ್ತೆ ಎಲ್ಲರಿಗೂ ಸಮಾನ; ಪಾದಚಾರಿಯೂ ಸೈಕಲಿನವನೂ ನೋಡಿಕೊಂಡು ಹೋಗಲಿ’ ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ರಾತ್ರಿ ದೀಪವಿಲ್ಲದೆ ಸೈಕಲ್ ಓಡಿಸುವವನೂ, ಮೊಬೈಲು ನೋಡುತ್ತ ರಸ್ತೆ ದಾಟುವವನೂ ತಮ್ಮ ಕರ್ತವ್ಯವನ್ನು ಮರೆತವರೇ. ಆದರೆ ನ್ಯಾಯವೆಂದರೆ ಎಲ್ಲರಿಗೂ ಒಂದೇ ಅಳತೆಯಲ್ಲ, ಅವರವರಿಗೆ ಸಲ್ಲಬೇಕಾದ ಅನುಪಾತ ಎಂಬುದನ್ನು ಅರಿಸ್ಟಾಟಲ್ ಬಹು ಹಿಂದೆಯೇ ನಿರೂಪಿಸಿದ್ದಾನೆ. ಟನ್ ತೂಕದ ಯಂತ್ರವನ್ನು ನಡೆಸುವವನ ಮೇಲೂ, ಪುಸ್ತಕದ ಚೀಲ ಹೊತ್ತ ಮಗುವಿನ ಮೇಲೂ ಒಂದೇ ಪ್ರಮಾಣದ ಎಚ್ಚರಿಕೆಯ ಹೊರೆಯನ್ನು ಹೊರಿಸುವುದು ಸಮಾನತೆಯೆನಿಸೀತು, ನ್ಯಾಯವೆನಿಸದು. ಹಾನಿ ಮಾಡುವ ಸಾಮರ್ಥ್ಯ ಯಾರಲ್ಲಿ ಹೆಚ್ಚೋ ಅವರ ಹೊಣೆಯೂ ಹೆಚ್ಚು. ರಸ್ತೆ ಬಳಸುವವರ ಕುರಿತು 2007ರಲ್ಲಿ ವ್ಯಾಟಿಕನ್ ಹೊರಡಿಸಿದ ಮಾರ್ಗಸೂಚಿಯಲ್ಲಿ ಚಾಲಕರಿಗೆಂದು ಹತ್ತು ಕಟ್ಟಳೆಗಳನ್ನು ನೀಡಲಾಗಿದೆ. ರಸ್ತೆಯಲ್ಲಿ ದುರ್ಬಲರನ್ನು ರಕ್ಷಿಸಬೇಕೆಂಬುದು ಅವುಗಳಲ್ಲೊಂದು. ವಾಹನವು ಅಧಿಕಾರ ಮೆರೆಸುವ ಸಾಧನವಾಗಬಾರದೆಂಬುದು ಇನ್ನೊಂದು.

ಈ ತತ್ವವು ಕೇವಲ ಆದರ್ಶವಲ್ಲ, ಕಾರ್ಯಸಾಧ್ಯವೂ ಹೌದೆಂಬುದಕ್ಕೆ ನೆದರ್‌ಲ್ಯಾಂಡ್ಸ್ ದೇಶದ ಅನುಭವವೇ ಸಾಕ್ಷಿ. ಇಂದು ಸೈಕಲ್ಲುಗಳ ನಾಡೆನಿಸಿರುವ ಆ ದೇಶದಲ್ಲಿ 1971ರಲ್ಲಿ 3,000ಕ್ಕೂ ಹೆಚ್ಚು ಮಂದಿ ರಸ್ತೆಗಳಲ್ಲಿ ಸತ್ತರು. ಅವರಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮಕ್ಕಳಿದ್ದರು. ತನ್ನ ಮಗಳನ್ನು ಹೀಗೆ ಕಳೆದುಕೊಂಡ ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತ, ಮಕ್ಕಳ ಈ ಹತ್ಯೆ ನಿಲ್ಲಲಿ ಎಂದು 1972ರಲ್ಲಿ ಲೇಖನ ಬರೆದನು. ಅದೇ ಹೆಸರಿನಲ್ಲಿ ಹೆತ್ತವರ ಚಳವಳಿ ಹುಟ್ಟಿತು. ಡೆಲ್ಫ್ಟ್ ನಗರದಲ್ಲಿ ಪ್ರಯೋಗವಾಗಿ ರೂಪುಗೊಂಡಿದ್ದ ‘ವೋನೆರ್ಫ್’, ಅಂದರೆ ವಾಸದ ಅಂಗಳ, ಎಂಬ ಕಲ್ಪನೆಗೆ 1976ರಲ್ಲಿ ಕಾನೂನಿನ ಮಾನ್ಯತೆ ದೊರಕಿತು. ಅಂಥ ಬೀದಿಯ ಅಗಲವಿಡೀ ನಡೆಯುವವರಿಗೂ ಆಡುವ ಮಕ್ಕಳಿಗೂ ಸೇರಿದ್ದು. ವಾಹನಗಳಿಗೆ ಪ್ರವೇಶವಿದೆ, ಆದರೆ ಕಾಲ್ನಡಿಗೆಯ ವೇಗದಲ್ಲಿ. ಮುಂದಿನ ದಶಕಗಳಲ್ಲಿ ಸೈಕಲ್ ಪಥಗಳೂ 30 ಕಿಲೋಮೀಟರ್ ಮಿತಿಯ ವಲಯಗಳೂ ಬಂದವು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ರಸ್ತೆಯಲ್ಲಿ ಮಡಿಯುವವರ ಸಂಖ್ಯೆ ಏಳುನೂರರ ಆಸುಪಾಸಿಗೆ ಇಳಿದಿದೆ. ಸ್ಪೇನ್ 2021ರಲ್ಲಿಯೂ ವೇಲ್ಸ್ 2023ರಲ್ಲಿಯೂ ಜನವಸತಿಯ ರಸ್ತೆಗಳ ವೇಗಮಿತಿಯನ್ನು ಸುಮಾರು ಇದೇ ಮಟ್ಟಕ್ಕೆ ತಂದವು. ವೇಲ್ಸ್‌ನಲ್ಲಿ ಇದಕ್ಕೆ ತೀವ್ರ ಪ್ರತಿಭಟನೆ ಎದುರಾಯಿತೆಂಬುದನ್ನೂ ಮರೆಮಾಚಬೇಕಾಗಿಲ್ಲ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 112ನೆಯ ಕಲಮು, ಸಾರ್ವಜನಿಕ ಸುರಕ್ಷೆಯ ದೃಷ್ಟಿಯಿಂದ ನಿರ್ದಿಷ್ಟ ಪ್ರದೇಶದಲ್ಲಿ ಅಥವಾ ರಸ್ತೆಯಲ್ಲಿ ವೇಗಮಿತಿಯನ್ನು ತಗ್ಗಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ನೀಡಿದೆ. ಸುರಕ್ಷಿತವಾದ ಕಾಲುದಾರಿಯು ಸಂವಿಧಾನದ 21ನೆಯ ವಿಧಿಯು ಕೊಡುವ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಕೊರತೆಯಿರುವುದು ಆಚರಣೆಯಲ್ಲಿ. ಒಳರಸ್ತೆಗೆ ಕಾಂಕ್ರೀಟು ಬಿದ್ದೊಡನೆ ವೇಗ ಏರುತ್ತದೆ. ಫುಟ್‌ಪಾತಿಗೆ ಜಾಗವಿರುವುದಿಲ್ಲ, ಇದ್ದಲ್ಲಿ ವಾಹನಗಳು ನಿಂತಿರುತ್ತವೆ. ಮುಖ್ಯರಸ್ತೆಯ ದಟ್ಟಣೆಯನ್ನು ತಪ್ಪಿಸಲು ಮೊಬೈಲಿನ ನಕಾಶೆಯು ಅಪರಿಚಿತ ವಾಹನಗಳನ್ನೂ ಇದೇ ಓಣಿಗೆ ಕಳುಹಿಸುತ್ತದೆ. ಜನರು ಬೇಸತ್ತು ತಾವೇ ಸಿಮೆಂಟಿನ ದಿಬ್ಬ ಕಟ್ಟುತ್ತಾರೆ. ರಸ್ತೆ ಉಬ್ಬು 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರಕ್ಕೆ ಮೆಲ್ಲಗೆ ಏರಿ ಇಳಿಯಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1988ರಲ್ಲಿಯೇ ಮಾರ್ಗಸೂಚಿ ನೀಡಿತ್ತು. ಬಣ್ಣವಿಲ್ಲದ, ಗೋಡೆಯಂಥ ದಿಬ್ಬಗಳು ಕಾರನ್ನು ತಡೆಯುವುದಕ್ಕಿಂತ ಹೆಚ್ಚಾಗಿ ರಾತ್ರಿಯ ಸ್ಕೂಟರ್ ಸವಾರನನ್ನು ಕೆಡವುತ್ತವೆ.

ವಾಹನವುಳ್ಳವರೆಲ್ಲ ಅಪರಾಧಿಗಳೆಂಬುದು ನಮ್ಮ ಅಭಿಪ್ರಾಯವಲ್ಲ. ರೋಗಿಯನ್ನು ಒಯ್ಯುವವರಿಗೆ, ಆಟೋ ಓಡಿಸಿ ಹೊಟ್ಟೆ ಹೊರೆಯುವವರಿಗೆ ರಸ್ತೆ ಬೇಕೇ ಬೇಕು. ನಿಮಿಷಗಳ ಲೆಕ್ಕದಲ್ಲಿ ಸಾಮಾನು ತಲುಪಿಸಬೇಕಾದ ಯುವಕನು ಓಣಿಯಲ್ಲಿ ಹಾರಿಹೋಗುತ್ತಾನೆಂದರೆ, ಅವನನ್ನು ಅವಸರಿಸುವ ಗಿರಾಕಿಗಳಾದ ನಮ್ಮ ಪಾಲೂ ಅದರಲ್ಲಿದೆ. ಹಾಗೆಯೇ, ರಸ್ತೆ ಅಪಾಯಕರವೆಂದು ಹೆತ್ತವರು ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಡುತ್ತಾರೆ. ಆ ಕಾರುಗಳೇ ಶಾಲೆಯ ಬಾಗಿಲಿನ ರಸ್ತೆಯನ್ನು ನಡೆದು ಬರುವ ಮಕ್ಕಳಿಗೆ ಇನ್ನಷ್ಟು ಅಪಾಯಕರವಾಗಿಸುತ್ತವೆ. ಭಯವು ಭಯವನ್ನೇ ಹೆರುವ ಈ ಚಕ್ರವನ್ನು ಯಾರಾದರೂ ಮೊದಲು ಮುರಿಯಲೇಬೇಕು.

ಅದು ಕುಟುಂಬದಿಂದಲೇ ಆರಂಭವಾಗಲಿ. ಹದಿನೈದು, ಹದಿನಾರರ ಮಗನ ಕೈಗೆ ಟ್ಯೂಷನ್ನಿಗೆಂದು ಸ್ಕೂಟರಿನ ಕೀಲಿಕೈ ಕೊಡುವುದು ವಾತ್ಸಲ್ಯವಲ್ಲ. 2019ರ ತಿದ್ದುಪಡಿಯ ಬಳಿಕ, ಅಪ್ರಾಪ್ತನು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕನಿಗೆ ಅಥವಾ ವಾಹನದ ಮಾಲೀಕನಿಗೆ 25,000 ರೂಪಾಯಿ ದಂಡವನ್ನೂ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಕಾಯ್ದೆ ವಿಧಿಸುತ್ತದೆ. ಆದರೆ ದಂಡದ ಭಯಕ್ಕಿಂತ ಮನೆಯ ಹಿರಿಯರ ಮಾದರಿ ಹೆಚ್ಚು ಬಲವುಳ್ಳದ್ದು. ತಂದೆ ಓಣಿಗೆ ತಿರುಗಿದೊಡನೆ ವೇಗ ತಗ್ಗಿಸುವುದನ್ನು ಹಿಂದಿನ ಸೀಟಿನಲ್ಲಿ ಕುಳಿತ ಮಗು ನೋಡುತ್ತದೆ. ಹಾರನ್ ಬಾರಿಸಿ ವೃದ್ಧರನ್ನು ಬದಿಗೆ ಸರಿಸುವುದನ್ನೂ ಅದು ನೋಡುತ್ತದೆ.

ಬಡಾವಣೆಯ ಹತ್ತಿಪ್ಪತ್ತು ಮನೆಗಳವರು ಒಟ್ಟಾಗಿ, ತಮ್ಮ ರಸ್ತೆಗೆ 30 ಕಿಲೋಮೀಟರ್ ವೇಗಮಿತಿ, ನಿಯಮದಂತೆ ಕಟ್ಟಿ ಬಣ್ಣ ಬಳಿದ ಉಬ್ಬು, ಅಡೆತಡೆಯಿಲ್ಲದ ಕಾಲುದಾರಿ, ಈ ಮೂರನ್ನು ಕೋರಿ ಪುರಸಭೆಗೂ ಸಂಚಾರ ಪೊಲೀಸರಿಗೂ ಲಿಖಿತ ಮನವಿ ಸಲ್ಲಿಸಬಹುದು. ಇದಕ್ಕೆ ಜಾತಿ, ಮತ, ಪಕ್ಷಗಳ ಭೇದ ಬೇಕಾಗಿಲ್ಲ. ಮನವಿಗೆ ಸಹಿ ಹಾಕುವವರಲ್ಲಿ ಕಾರುಳ್ಳವರೇ ಮೊದಲಿಗರಾದರೆ ಅದರ ತೂಕ ಹೆಚ್ಚೀತು. ಏಕೆಂದರೆ ಕಾರಿನ ಒಡೆಯನೂ ಕಾರಿನಿಂದಿಳಿದ ಕ್ಷಣದಲ್ಲಿ ಪಾದಚಾರಿಯೇ. ಅವನ ಮಗುವೂ ಅದೇ ರಸ್ತೆಯನ್ನು ದಾಟಬೇಕು.