ನಷ್ಟದ ನಾಣ್ಯಕ್ಕೆ ಹರಾಜಿನ ಬೆಲೆ

ಅಮೆರಿಕದ ಟಂಕಸಾಲೆಯು ಚಲಾವಣೆಗೆಂದು ಒಂದು ಸೆಂಟಿನ ನಾಣ್ಯವನ್ನು ಕೊನೆಯ ಬಾರಿಗೆ ಟಂಕಿಸಿದ್ದು 2025ರ ನವೆಂಬರ್ 12ರಂದು, ಫಿಲಡೆಲ್ಫಿಯಾದಲ್ಲಿ. 1793ರಲ್ಲಿ ಆರಂಭವಾದ ಈ 'ಪೆನ್ನಿ'ಯ ತಯಾರಿಕೆಯನ್ನು ನಿಲ್ಲಿಸಿದ್ದಕ್ಕೆ ಕಾರಣ ಸರಳವಾದ ವೆಚ್ಚದ ಲೆಕ್ಕ. 2024ರ ಹಣಕಾಸು ವರ್ಷದಲ್ಲಿ ಪ್ರತಿ ಪೆನ್ನಿಗೆ ತಗಲಿದ ವೆಚ್ಚ 3.69 ಸೆಂಟ್. ಆ ಒಂದೇ ವರ್ಷ, ಈ ಒಂದೇ ಬಾಬ್ತಿನಲ್ಲಿ ಆದ ನಷ್ಟ ಸುಮಾರು 8.5 ಕೋಟಿ ಡಾಲರ್. ರೂಪಾಯಿಗೆ ಮಾರುವ ಸರಕನ್ನು ಮೂರೂವರೆ ರೂಪಾಯಿ ಖರ್ಚಿನಲ್ಲಿ ತಯಾರಿಸುವ ಉದ್ಯಮಿಗೆ ಯಾವ ಬ್ಯಾಂಕು ಸಾಲ ಮುಂದುವರಿಸೀತು? ವೆಚ್ಚವು ಮುಖಬೆಲೆಯನ್ನು ಮೀರಿದ್ದು 2006ರಷ್ಟು ಹಿಂದೆಯೇ ಎಂಬುದನ್ನು ಗಮನಿಸಿದರೆ, ನಿರ್ಧಾರ ಸರಿಯಾದುದಾದರೂ ಬಹಳ ತಡವಾಗಿ ಬಂದಿತೆನ್ನಬೇಕು.

ಇನ್ನು ಸಂಗ್ರಾಹಕರ ಮಾತು. 2025ರ ಡಿಸೆಂಬರಿನಲ್ಲಿ ಕೊನೆಯ ಪೆನ್ನಿಗಳನ್ನು ಮೂರು ಮೂರು ನಾಣ್ಯಗಳ 232 ಕಟ್ಟುಗಳಾಗಿ ಹರಾಜಿಗಿಟ್ಟರು. ಪ್ರತಿ ಕಟ್ಟಿನಲ್ಲಿ ಚಿನ್ನದ ಪೆನ್ನಿಯೊಂದಿತ್ತು. ನಾಣ್ಯಗಳ ಮೇಲೆ ಗ್ರೀಕ್ ಲಿಪಿಯ ಕೊನೆಯ ಅಕ್ಷರವಾದ ಒಮೆಗಾದ ಗುರುತಿತ್ತು. ಒಟ್ಟು ಬಿಕರಿ 1.6 ಕೋಟಿ ಡಾಲರಿಗೂ ಮಿಕ್ಕಿತು. ಈ ಸುದ್ದಿಯನ್ನೋದಿ, ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ಪೆನ್ನಿಗಳನ್ನು ಡಬ್ಬಿಯಲ್ಲಿ ಭದ್ರಪಡಿಸುವವರಿಗೆ ನನ್ನದೊಂದು ಮಾತು: ಚಲಾವಣೆಯಲ್ಲಿ ಉಳಿದಿರುವ ಪೆನ್ನಿಗಳು ಅಂದಾಜು 30,000 ಕೋಟಿ. ಹಳೆಯದೆಂಬ ಮಾತ್ರಕ್ಕೆ ನಾಣ್ಯಕ್ಕೆ ಬೆಲೆ ಬರುವುದಿಲ್ಲ. ವಿರಳತೆಯೂ ಸುಸ್ಥಿತಿಯೂ ಕೂಡಬೇಕು. ಲಿಂಕನ್ನರ ಜನ್ಮಶತಾಬ್ದಿಯಾದ 1909ರಲ್ಲಿ ವಿಕ್ಟರ್ ಡೇವಿಡ್ ಬ್ರೆನ್ನರ್ ರೂಪಿಸಿದ ಪೆನ್ನಿಯ ಮೇಲೆ ಅವರ ಹೆಸರಿನ ಮೂರು ಮೊದಲಕ್ಷರಗಳು ಎದ್ದುಕಾಣುವಂತಿದ್ದವು. ಆಕ್ಷೇಪಣೆ ಬಂದುದರಿಂದ ಕೆಲವೇ ದಿನಗಳಲ್ಲಿ ಅವನ್ನು ತೆಗೆದುಹಾಕಲಾಯಿತು. ಅಷ್ಟರೊಳಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಂಕಿಸಿದ್ದ 4,84,000 ನಾಣ್ಯಗಳಿಗೆ ಇಂದಿಗೂ ಗಿರಾಕಿಗಳಿದ್ದಾರೆ. ಅಂಥದ್ದು ಕೈಗೆ ಬಂದರೂ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮುಗಿಯಿತು. ತೊಳೆದು ಹೊಳಪಿಸಿದ ನಾಣ್ಯವನ್ನು ಸಂಗ್ರಾಹಕರು ದೂರವಿಡುತ್ತಾರೆ.

ಲೋಹದ ಆಸೆಯೂ ಬೇಡ. 1982ರಲ್ಲಿ ಪೆನ್ನಿಯು ತಾಮ್ರದ ಲೇಪವುಳ್ಳ ಸತುವಿನ ನಾಣ್ಯವಾಯಿತು. ಅದಕ್ಕೂ ಹಿಂದಿನವುಗಳಲ್ಲಿ ಶೇ. 95ರಷ್ಟು ತಾಮ್ರವಿರುವುದು ನಿಜ. ಆದರೆ ಪೆನ್ನಿಗಳನ್ನು ಕರಗಿಸುವುದನ್ನು ಅಮೆರಿಕ ಸರಕಾರ 2006ರ ಕೊನೆಯಲ್ಲೇ ನಿಷೇಧಿಸಿತು. ದಾಸ್ತಾನನ್ನು ಕೊಂಡ ಬೆಲೆ ಇಲ್ಲವೇ ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ನಮೂದಿಸುವ ನಮ್ಮ ಪದ್ಧತಿಯಂತೆ ನೋಡಿದರೆ, ಸಾಧಾರಣ ಪೆನ್ನಿಯ ಬೆಲೆ ಒಂದೇ ಸೆಂಟ್.

ಅಮೆರಿಕದ ಆಡಳಿತ ಎಡವಿದ್ದು ಜಾರಿಯ ಕ್ರಮದಲ್ಲಿ. ನಮ್ಮಲ್ಲಿ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳನ್ನು ಮುಂಗಡವಾಗಿ ದಿನ ಗೊತ್ತುಪಡಿಸಿ, 2011ರ ಜೂನ್ 30ರಿಂದ ರದ್ದುಪಡಿಸಲಾಯಿತು. ಅಲ್ಲಿ ಪೆನ್ನಿಗೆ ಕಾನೂನಿನ ಮಾನ್ಯತೆ ಉಳಿದಿದೆ, ಹೊಸ ಪೂರೈಕೆ ಮಾತ್ರ ಇಲ್ಲ. ಚಿಲ್ಲರೆ ಸಾಲದೆ 2025ರಲ್ಲೇ ಕೆಲವು ಅಂಗಡಿಗಳು ನಗದು ಬಿಲ್ಲನ್ನು ಗಿರಾಕಿಯ ಪರವಾಗಿ ಇಳಿಸತೊಡಗಿದವು. ಒಂದೊಂದು ಬಿಲ್ಲಿಗೆ ಒಂದೆರಡು ಸೆಂಟಾದರೂ ಹೊರೆ ವರ್ತಕನ ಮೇಲೆಯೇ ಬಿತ್ತು.

ಅದಕ್ಕಿಂತ ದೊಡ್ಡ ತೂತು ಐದು ಸೆಂಟಿನ 'ನಿಕ್ಕಲ್' ನಾಣ್ಯದಲ್ಲಿದೆ. ಹತ್ತು ಸೆಂಟಿನ ಡೈಮ್ ಅದೇ ವರ್ಷ 5.76 ಸೆಂಟಿಗೂ, ಕಾಲು ಡಾಲರಿನ ನಾಣ್ಯ 14.68 ಸೆಂಟಿಗೂ ತಯಾರಾಗಿ ಸರಕಾರಕ್ಕೆ ಲಾಭ ತಂದವು. ನಿಕ್ಕಲ್ಲಿಗೆ ತಗಲಿದ್ದು 13.78 ಸೆಂಟ್. ಪೆನ್ನಿಯೊಂದಕ್ಕೆ 2.69 ಸೆಂಟ್ ನಷ್ಟವಾದರೆ ಇದಕ್ಕೆ 8.78. ಬಿಲ್ಲುಗಳನ್ನು ಐದರ ಲೆಕ್ಕಕ್ಕೆ ಹೊಂದಿಸತೊಡಗಿದಂತೆ ಇದರ ಬೇಡಿಕೆ ಏರುವ ಸಂಭವವೇ ಹೆಚ್ಚು. 1866ರಿಂದ, ಎರಡನೆಯ ಮಹಾಯುದ್ಧದ ಕಾಲವನ್ನು ಬಿಟ್ಟರೆ, ಅದೇ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್ ಬೆರಕೆಯನ್ನು ಹಿಡಿದುಕೊಂಡಿರುವ ಈ ನಾಣ್ಯದ ಲೋಹವನ್ನು ಮೊದಲು ಬದಲಿಸಿ, ಅನಂತರ ಪೆನ್ನಿಯನ್ನು ನಿಲ್ಲಿಸಬೇಕಾಗಿತ್ತೆಂಬುದು ನನ್ನ ಅಭಿಪ್ರಾಯ.