ರಶೀತಿಯಿಲ್ಲದ ಅರ್ಜಿ

೧೯೫೬ನೆಯ ಇಸವಿಯ ನವೆಂಬರ ೧ಕ್ಕೆ ಕನ್ನಡ ನಾಡು ಒಂದಾಯಿತು. ಆದರೆ ನಾಡಿನ ಕಚೇರಿಗಳು ಅಂದೇ ಒಂದಾಗಲಿಲ್ಲ. ಮುಂಬಯಿ ಸೀಮೆಯ ತಲಾಠಿ, ನಿಜಾಮ ಸೀಮೆಯ ಪಟವಾರಿ, ಮೈಸೂರಿನ ಶಾನುಭೋಗ, ಇವರ ದಪ್ತರಗಳು ಬೇರೆ ಬೇರೆ ಕಾಯಿದೆಗಳ ಮೇರೆಗೆ ನಡೆಯುತ್ತಿದ್ದುವು. ಭೂಕಂದಾಯಕ್ಕೆ ನಾಡಿಗೆಲ್ಲ ಒಂದೇ ಕಾಯಿದೆಯಾಗಲು ೧೯೬೪ನೆಯ ಇಸವಿ ಬರಬೇಕಾಯಿತು. ಈ ಹಳೆಯ ಸಂಗತಿಯನ್ನು ನೆನೆದುದಕ್ಕೆ ಕಾರಣವುಂಟು. ೨೦೧೧ರಲ್ಲಿ ನಾಗರಿಕ ಸೇವೆಗಳ ಖಾತರಿಯ ಕಾಯಿದೆಯಾಯಿತು. ಜನರು ಅದನ್ನು ‘ಸಕಾಲ’ವೆಂದೇ ಬಲ್ಲರು. ಅದನ್ನು ೨೦೧೨ರ ಮಾರ್ಚಿಯಲ್ಲಿ ಮೊದಲು ಪ್ರಯೋಗಿಸಿ ನೋಡಿದುದು ನಾಲ್ಕು ತಾಲೂಕುಗಳಲ್ಲಿ: ಧಾರವಾಡ, ಔರಾದ, ಚಿತ್ರದುರ್ಗ, ಪುತ್ತೂರು. ಒಂದು ಮುಂಬಯಿಗೆ, ಒಂದು ಹೈದರಾಬಾದಿಗೆ, ಒಂದು ಮೈಸೂರಿಗೆ, ಒಂದು ಮದರಾಸಿಗೆ ಸೇರಿದ್ದ ನೆಲ. ಈ ಆಯ್ಕೆಯನ್ನು ಬೇಕೆಂದೇ ಮಾಡಿದರೋ ಏನೋ, ನಮಗಂತೂ ಅದು ಮನಸ್ಸಿಗೆ ಒಪ್ಪಿತು. ಅದೇ ವರುಷದ ಏಪ್ರಿಲ ೨ಕ್ಕೆ ೧೧ ಇಲಾಖೆಗಳ ೧೫೧ ಸೇವೆಗಳೊಡನೆ ಅದು ನಾಡಿಗೆಲ್ಲ ವ್ಯಾಪಿಸಿತು.

ಕಾಯಿದೆಯ ತಿರುಳು ಸರಳವಾದುದು. ಜಾತಿಯ ಪ್ರಮಾಣಪತ್ರವಾಗಲಿ, ಖಾತೆಯ ಬದಲಾವಣೆಯಾಗಲಿ, ಇಂತಿಷ್ಟು ದಿನಗಳಲ್ಲಿ ಆಗಲೇಬೇಕು. ಆಗದಿದ್ದರೆ ಅರ್ಜಿದಾರನು ಮೇಲಧಿಕಾರಿಗೆ ಮೇಲ್ಮನವಿ ಮಾಡಬಹುದು. ತಡವಾದ ಒಂದೊಂದು ದಿನಕ್ಕೆ ೨೦ ರೂಪಾಯಿಯಂತೆ, ಹೆಚ್ಚೆಂದರೆ ೫೦೦ ರೂಪಾಯಿಯ ವರೆಗೆ ಪರಿಹಾರ ಪಡೆಯಬಹುದು. ಆ ಹಣವು ತಪ್ಪಿದ ನೌಕರನ ಸಂಬಳದಿಂದ ವಸೂಲಾಗತಕ್ಕದ್ದು. ದೊರೆತನದ ಕಾಲದಿಂದಲೂ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಂತು ‘ನಾಳೆ ಬಾ’ ಎನಿಸಿಕೊಂಡ ಜನಕ್ಕೆ, ಆ ‘ನಾಳೆ’ಗೂ ಒಂದು ಬೆಲೆಯುಂಟೆಂದು ಶಾಸನವು ಹೇಳಿದುದು ಸಣ್ಣ ಮಾತಲ್ಲ. ಅದನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಮೆಚ್ಚಿದ ಮೇಲೆಯೇ ನಮ್ಮ ತಕರಾರನ್ನು ಹೇಳುವೆವು. ಕಾಯಿದೆಯ ಮಾತಿನಂತೆ ಈ ಗಡಿಯಾರವು ಅರ್ಜಿ ಕೊಟ್ಟ ದಿನದಿಂದಲೇ ನಡೆಯತೊಡಗಬೇಕು; ಆದರೆ ಕಚೇರಿಯ ಲೆಕ್ಕದಲ್ಲಿ ಅದು ನಡೆಯತೊಡಗುವದು ಅರ್ಜಿಗೆ ಸಂಖ್ಯೆಯುಳ್ಳ ಸ್ವೀಕೃತಿ ಕೊಟ್ಟ ದಿನದಿಂದ. ಸ್ವೀಕೃತಿಯಿಲ್ಲದ ಅರ್ಜಿಯು ಆ ಲೆಕ್ಕದ ಕಣ್ಣಿಗೆ ಹುಟ್ಟಿಯೇ ಇಲ್ಲ. ಇದನ್ನು ಜನರಿಗಿಂತ ಮೊದಲು ಅರಿತುಕೊಂಡವರು ಗುಮಾಸ್ತರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಹೊಲವನ್ನು ತನ್ನ ಹೆಸರಿಗೆ ಮಾಡಿಸಲು ಇಪ್ಪತ್ತು ಮೈಲಿಯಿಂದ ಬಂದಿರುತ್ತಾಳೆ. “ಕಾಗದ ಇಲ್ಲಿಟ್ಟು ಹೋಗವ್ವ, ಸಾಹೇಬರು ನೋಡಲಿ, ಆಮೇಲೆ ನಮೂದಿಸೋಣ” ಎನ್ನುತ್ತಾರೆ. ಅವಳು ಕೈಮುಗಿದು ಇಟ್ಟು ಹೋಗುತ್ತಾಳೆ. ತಿಂಗಳಾದರೂ ತಡವೆಂಬುದು ಆಗಿಯೇ ಇಲ್ಲ, ದಂಡವೂ ಇಲ್ಲ, ತಖ್ತೆಯಲ್ಲಿ ಆ ಕಚೇರಿ ನಿಷ್ಕಳಂಕ.

ಇನ್ನೊಂದು ಉಪಾಯವೂ ಉಂಟು. ತಿರಸ್ಕರಿಸಿದ ಅರ್ಜಿಯೂ ಲೆಕ್ಕದಲ್ಲಿ ‘ವಿಲೇವಾರಿ’ಯೇ. ಅವಧಿ ತೀರುವ ಹೊತ್ತಿಗೆ ‘ದಾಖಲೆ ಸಾಲದು’ ಎಂಬ ಒಂದು ಸಾಲು ಬರೆದುಬಿಟ್ಟರೆ ಕೆಲಸವು ಸಕಾಲದಲ್ಲಿ ಮುಗಿದಂತಾಯಿತು! ಇನ್ನು ೨೦ ರೂಪಾಯಿಯ ಮಾತು. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ತೆತ್ತು, ನಾಳೆ ಮತ್ತೆ ಕೆಲಸಕ್ಕೆ ಬೇಕಾಗುವ ಅದೇ ಅಧಿಕಾರಿಯ ವಿರುದ್ಧ ಅವನ ಮೇಲಿನವನಲ್ಲಿ ದೂರಿಕೊಳ್ಳುವ ಬಡವನು ಎಲ್ಲಿರುವನು? ೨೦೧೧ರಲ್ಲಿಯೇ ಅಲ್ಪವಾಗಿದ್ದ ಆ ಮೊತ್ತವು ಇಂದು ಎರಡು ಲೋಟ ಚಹದ ಬೆಲೆ.

ಮಾಹಿತಿ ಹಕ್ಕಿನ ಕಾಯಿದೆಯ ಹಲ್ಲು ಇದಕ್ಕಿಂತ ಹರಿತವಾದುದು. ಕೇಂದ್ರವು ೨೦೦೫ರಲ್ಲಿ ಅದನ್ನು ತರುವ ಮೊದಲೇ, ೨೦೦೦ದಲ್ಲಿಯೇ, ಕರ್ನಾಟಕವು ತನ್ನದೇ ಆದ ಮಾಹಿತಿ ಹಕ್ಕಿನ ಕಾಯಿದೆಯನ್ನು ಮಾಡಿಕೊಂಡಿದ್ದಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಕೇಂದ್ರದ ಕಾಯಿದೆಯಲ್ಲಿ ೩೦ ದಿನ ಮೀರಿದರೆ ದಿನಕ್ಕೆ ೨೫೦ ರೂಪಾಯಿಯಂತೆ ೨೫,೦೦೦ದ ವರೆಗೆ ದಂಡವುಂಟು; ವಿಚಾರಿಸುವ ಆಯೋಗವು ಇಲಾಖೆಯ ಹೊರಗಿನದು. ದಂಡ ವಿಧಿಸಲು ಆಯುಕ್ತರು ಹಿಂಜರಿಯುವರೆಂಬ ದೂರು ಇದ್ದೇ ಇದೆ. ಆದರೂ ಹೊರಗಿನವನ ಮುಂದೆ ಉತ್ತರ ಹೇಳಬೇಕೆಂಬ ಅಳುಕು ಕಚೇರಿಗೆ ಉಂಟು. ಸಕಾಲದಲ್ಲಿ ಆ ಅಳುಕಿಲ್ಲ. ಅಲ್ಲಿ ಕಳ್ಳನನ್ನು ಅಲ್ಲದಿದ್ದರೂ ಸೋಮಾರಿಯನ್ನು ಅವನ ಮನೆಯ ಹಿರಿಯನೇ ವಿಚಾರಿಸುತ್ತಾನೆ. ೧೯೯೯ರ ಟೆಂಡರು ಪಾರದರ್ಶಕತೆಯ ಕಾಯಿದೆಯ ಕಥೆಯಂತೂ ಬೇರೆಯೇ: ಅದರ ೪ನೆಯ ಕಲಮಿನಲ್ಲಿ ಸರಕಾರವು ತನಗೆ ಬೇಕಾದ ಕೆಲಸಕ್ಕೆ ವಿನಾಯಿತಿ ಕೊಟ್ಟುಕೊಳ್ಳುವ ಕಿಂಡಿಯಿದೆ, ಯಾವ ಪಕ್ಷ ಬಂದರೂ ಆ ಕಿಂಡಿಗೆ ಕದವಿಕ್ಕಲಿಲ್ಲ.

ಆದುದರಿಂದ ಶಾಸನಸಭೆಯ ಸದಸ್ಯರಲ್ಲಿ ನಾವು ಕೇಳುವದು ಹೊಸ ಕಾಯಿದೆಯನ್ನಲ್ಲ, ಇದ್ದ ಕಾಯಿದೆಗೆ ನಾಲ್ಕಾರು ಸಾಲುಗಳ ತಿದ್ದುಪಡಿಯನ್ನು. ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡದಿರುವದೇ ದಂಡಾರ್ಹವಾದ ತಪ್ಪಾಗಬೇಕು. ಅವಧಿ ಮೀರಿದೊಡನೆ ಪರಿಹಾರವು ಕೇಳದೆಯೇ ಅರ್ಜಿದಾರನ ಖಾತೆಗೆ ಜಮೆಯಾಗಬೇಕು. ದಿನವನ್ನೆಣಿಸುವ ಯಂತ್ರವು ಹಣವನ್ನೆಣಿಸಲಾರದೇ? ಎರಡನೆಯ ಮೇಲ್ಮನವಿಯನ್ನು ಇಲಾಖೆಯ ಹೊರಗಿನವರು ಕೇಳಬೇಕು. ತಿರಸ್ಕೃತವಾದವುಗಳ ಲೆಕ್ಕವನ್ನು ಕಾರಣಸಹಿತವಾಗಿ ಬೇರೆಯೇ ಪ್ರಕಟಿಸಬೇಕು. ಅವಧಿ ೨೦೨೧ರಲ್ಲಿ ಮುಗಿದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳು ಅನಂತರ ವರುಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದುದನ್ನು ನಾಡು ಕಂಡಿದೆ. ಕೇಳುವ ಸದಸ್ಯನೇ ಇಲ್ಲದಲ್ಲಿ ಬಡವನ ಕೈಯಲ್ಲುಳಿಯುವ ಆಧಾರ ಆ ಒಂದು ಚೀಟಿಯೇ.

ತಿದ್ದುಪಡಿ ಯಾವಾಗ ಬರುವದೋ ಬರಲಿ. ನಮ್ಮ ವಾಚಕರಲ್ಲಿ ಉಪಾಧ್ಯಾಯರು ಅನೇಕರಿದ್ದಾರೆ. ಊರವರ ಅರ್ಜಿಗಳನ್ನು ಬರೆದುಕೊಡುವವರು ಹೆಚ್ಚಾಗಿ ಅವರೇ. ಬರೆದುಕೊಟ್ಟು ಸುಮ್ಮನಾಗದೆ, ಸ್ವೀಕೃತಿಯ ಚೀಟಿಯನ್ನು ತಂದು ತೋರಿಸುವಂತೆ ಅರ್ಜಿದಾರನಿಗೆ ಹೇಳಬೇಕು. ತರದಿದ್ದರೆ ಮತ್ತೆ ಕಳಿಸಬೇಕು, ಸಾಧ್ಯವಾದರೆ ಜೊತೆಗೆ ತಾವೂ ಹೋಗಬೇಕು. ಆರು ತಿಂಗಳಿಗೊಮ್ಮೆಯಾದರೂ ಕೂಡಲೇಬೇಕಾದ ಗ್ರಾಮಸಭೆಯಲ್ಲಿ, ಪಂಚಾಯತಿಗೆ ಬಂದ ಅರ್ಜಿಗಳೆಷ್ಟು, ಚೀಟಿ ಕೊಟ್ಟುದೆಷ್ಟು ಎಂಬ ಎರಡೇ ಅಂಕಿಗಳನ್ನು ಎದ್ದುನಿಂತು ಕೇಳಬೇಕು. ಉತ್ತರವನ್ನು ನಮಗೆ ಬರೆದು ತಿಳಿಸಿದರೆ ಪ್ರಕಟಿಸುವೆವು.